ಬಿಪಿ ಮಶೀನಿನ ಮೂರನೇ ಅಂಕಿ: ಪದೇ ಪದೇ ಬೀಳುತ್ತಿದ್ದ ಒಬ್ಬ ನೇಕಾರ ಅಜ್ಜನ ಪ್ರಕರಣ

ಇದು ಬಾಗಲಕೋಟೆ ಜಿಲ್ಲೆಯ ಒಂದು ನೇಕಾರರ ಊರಿನ ಅಜ್ಜನ ಪ್ರಕರಣ. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಯಸ್ಸು ಮತ್ತು ಮನೆಯ ಕೆಲವು ವಿವರ ಬದಲಿಸಿದ್ದೇನೆ, ಊರಿನ ಹೆಸರು ಬಿಟ್ಟಿದ್ದೇನೆ. ಗುಳಿಗೆಗಳ ಬ್ರ್ಯಾಂಡ್ ಹೆಸರು ಹೇಳಿಲ್ಲ, ಒಳಗಿರುವ ಔಷಧ ಯಾವುದು ಅಂತಷ್ಟೇ ಹೇಳಿದ್ದೇನೆ. ಯಾಕೆ ಅನ್ನುವುದು ಮುಂದೆ ಓದಿದರೆ ಗೊತ್ತಾಗುತ್ತದೆ.

ವಯಸ್ಸಾದವರ ಬಿಪಿ ಬಗ್ಗೆ ನಮ್ಮ ಕಡೆ ಎರಡು ಮಾತು ಚಾಲ್ತಿಯಲ್ಲಿವೆ. ಒಂದು, ಎಷ್ಟೇ ವಯಸ್ಸಾಗಲಿ 120/80 ಇರಲೇಬೇಕು. ಇನ್ನೊಂದು, ವಯಸ್ಸಾದ ಮೇಲೆ ಬಿಪಿ ಇದ್ದದ್ದೇ, ಸುಮ್ನೆ ಗುಳಿಗೆ ಯಾಕೆ. ಈ ಅಜ್ಜನ ಮನೆಯಲ್ಲಿ ಒಂದೇ ವರ್ಷದೊಳಗೆ ಎರಡೂ ಮಾತು ನಡೆದವು, ಎರಡರಿಂದಲೂ ಅವರ ಜೀವಕ್ಕೆ ಪೆಟ್ಟು ಬಿತ್ತು. ಅದಕ್ಕೇ ಇದನ್ನು ವಿವರವಾಗಿ ಬರೆಯಬೇಕು ಅನ್ನಿಸಿತು.

ಗುಳಿಗೆಗಳು ಸೇರಿದ ರೀತಿ

ವಯಸ್ಸು 78. ಬಾಳಿನ ಬಹುಪಾಲು ಕೈಮಗ್ಗದ ಮೇಲೆ ಕೂತು ಸೀರೆ ನೇಯ್ದವರು. ತೂಕ 49 ಕೆಜಿ. ಸಕ್ಕರೆ ಕಾಯಿಲೆ ಇಲ್ಲ, ಲಕ್ವಾ ಹೊಡೆದಿಲ್ಲ, ಹಾರ್ಟ್ ಅಟ್ಯಾಕ್ ಆಗಿಲ್ಲ. ಮನೆಯಲ್ಲಿ ಅಜ್ಜಿ, ಕಿರಿಯ ಮಗ, ಸೊಸೆ, ಮೊಮ್ಮಕ್ಕಳು. ಹಿರಿಯ ಮಗ ಪುಣೆಯಲ್ಲಿ ನೌಕರಿ.

ಬಿಪಿ ಸಿಕ್ಕಿದ್ದು 60 ದಾಟಿದ ಮೇಲೆ. ಮೇಲಿನದು 170–180, ಕೆಳಗಿನದು 80ರ ಆಸುಪಾಸು. ವಯಸ್ಸಾದವರಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ ಬಗೆ. ಹೊಲದಲ್ಲಿ ಬಿಸಿಲಿಗೆ ಬಿದ್ದ ಪೈಪು ವರ್ಷ ಕಳೆದಂತೆ ಬಿರುಸಾಗುತ್ತದಲ್ಲ, ಹಾಗೇ ರಕ್ತನಾಳಗಳೂ ಬಿರುಸಾಗುತ್ತವೆ. ಹೃದಯ ಒತ್ತಿದಾಗ ಅವು ಹಿಗ್ಗುವುದಿಲ್ಲ, ಅದಕ್ಕೆ ಮೇಲಿನ ಅಂಕಿ ಏರುತ್ತದೆ, ಕೆಳಗಿನದು ಅಲ್ಲೇ ಇರುತ್ತದೆ ಅಥವಾ ಇಳಿಯುತ್ತದೆ. ಇದನ್ನು "ವಯಸ್ಸಿಗೆ ಸಹಜ" ಅಂತ ಬಿಡಬಾರದು ಅಂತ 1991ರಲ್ಲೇ ಅಮೆರಿಕದ ಶೆಪ್ ಅಧ್ಯಯನ ತೋರಿಸಿತು. 60 ದಾಟಿದ 4736 ಜನರನ್ನು ಇಟ್ಟುಕೊಂಡು ಮಾಡಿದ್ದು. ಮೇಲಿನ ಬಿಪಿಗೆ ಚಿಕಿತ್ಸೆ ಕೊಟ್ಟವರಲ್ಲಿ ಲಕ್ವಾ ಮೂರನೇ ಒಂದರಷ್ಟು ಕಡಿಮೆಯಾಯಿತು. ಹಾಗಾಗಿ ಈ ಅಜ್ಜನಿಗೆ ಆವತ್ತು ಗುಳಿಗೆ ಶುರು ಮಾಡಿದ್ದು ಸರಿಯೇ.

ಊರಿನ ಡಾಕ್ಟರ್ ಕೊಟ್ಟದ್ದು ಒಂದೇ ಗುಳಿಗೆ. ಅದರಲ್ಲಿ ಅಮ್ಲೊಡಿಪಿನ್ 5 ಮಿಲಿಗ್ರಾಂ ಮತ್ತು ಅಟೆನೊಲಾಲ್ 50 ಮಿಲಿಗ್ರಾಂ ಕೂಡಿತ್ತು. ವರ್ಷಗಟ್ಟಲೆ ಅದರಲ್ಲೇ ಚೆನ್ನಾಗಿ ನಡೆಯಿತು.

ಎರಡು ವರ್ಷದ ಹಿಂದೆ ಹಿರಿಯ ಮಗ ಅಪ್ಪನನ್ನು ತನ್ನೂರಿಗೆ ಕರೆದುಕೊಂಡು ಹೋಗಿ ಫುಲ್ ಚೆಕಪ್ ಮಾಡಿಸಿದರು. ಬಿಪಿ 160 ಇತ್ತು. ಅಲ್ಲಿ ಇನ್ನೊಂದು ಗುಳಿಗೆ ಬರೆದರು, ಟೆಲ್ಮಿಸಾರ್ಟನ್ 40 ಮತ್ತು ಅಮ್ಲೊಡಿಪಿನ್ 5 ಕೂಡಿದ್ದು. ಹಳೆಯದನ್ನು ಬಿಡಬೇಕಾ ಮುಂದುವರಿಸಬೇಕಾ ಅಂತ ಚೀಟಿಯಲ್ಲಿ ಇರಲಿಲ್ಲ. ಮನೆಯವರು ಎರಡನ್ನೂ ಕೊಟ್ಟರು. ಅಲ್ಲಿಗೆ ಅಮ್ಲೊಡಿಪಿನ್ ಎರಡು ಪಟ್ಟು ಆಯಿತು, ಯಾರಿಗೂ ಗೊತ್ತಾಗಲಿಲ್ಲ, ಯಾಕಂದರೆ ಎರಡು ಪಟ್ಟಿಯ ಮೇಲೂ ದೊಡ್ಡಕ್ಷರದಲ್ಲಿದ್ದ ಹೆಸರು ಬೇರೆ ಬೇರೆ.

ಕೆಲವು ವಾರಕ್ಕೆ ಪಾದ ಬಾತವು. ಅಮ್ಲೊಡಿಪಿನ್ ಜಾಸ್ತಿಯಾದರೆ ಪಾದ ಬಾಯುವುದು ತೀರಾ ಸಾಮಾನ್ಯ. ಸಣ್ಣ ರಕ್ತನಾಳ ಹಿಗ್ಗಿ ನೀರು ಹೊರಗೆ ಜಿನುಗುತ್ತದೆ, ಅಷ್ಟೇ. ಮೈಯಲ್ಲಿ ನೀರು ಜಾಸ್ತಿಯಾಗಿದೆ ಅಂತಲ್ಲ. ಆದರೆ ತೋರಿಸಿದ ಕಡೆ "ನೀರು ತುಂಬೈತಿ" ಅಂತ ಮೂತ್ರ ಜಾಸ್ತಿ ಮಾಡಿಸುವ ಫ್ಯೂರೊಸೆಮೈಡ್ ಕೊಟ್ಟರು. ಬಾವು ಹೇಳಿಕೊಳ್ಳುವಷ್ಟು ಇಳಿಯಲಿಲ್ಲ, ಮೂತ್ರಕ್ಕೆ ಮಾತ್ರ ರಾತ್ರಿಯೆಲ್ಲ ಏಳುವಂತಾಯಿತು. ಪ್ರಾಸ್ಟೇಟ್ ಸ್ವಲ್ಪ ದೊಡ್ಡದಿತ್ತು, ಹಾಗಾಗಿ ಮೂತ್ರರೋಗದ ಡಾಕ್ಟರ್ ಮೂತ್ರದ ದಾರಿ ಸಡಿಲಿಸುವ ಟ್ಯಾಮ್ಸುಲೊಸಿನ್ ಸೇರಿಸಿದರು.

ಒಬ್ಬೊಬ್ಬರು ಬರೆದದ್ದನ್ನು ಬಿಡಿಯಾಗಿ ನೋಡಿ, ಯಾವುದರಲ್ಲೂ ದೊಡ್ಡ ತಪ್ಪಿಲ್ಲ. ನಾಲ್ಕು ಪಟ್ಟಿಯನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡಿದವರು ಯಾರೂ ಇರಲಿಲ್ಲ.

ಅಂಕಿ ಚಲೋ, ಅಜ್ಜ ಅಲ್ಲ

ಹಿರಿಯ ಮಗ ಮನೆಗೆ ಡಿಜಿಟಲ್ ಮಶೀನ್ ಕೊಡಿಸಿದ್ದರು. ಸೊಸೆ ದಿನಾ ಬೆಳಿಗ್ಗೆ, ಸಂಜೆ ನೋಡಿ ಮೊಮ್ಮಗನ ಹಳೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಗೆರೆ ಎಳೆದು, ತಾರೀಖು ಹಾಕಿ, ಅಚ್ಚುಕಟ್ಟಾಗಿ. 118/58, 124/60, 121/62. ಅದರ ಫೋಟೋ ವಾಟ್ಸಾಪ್‌ನಲ್ಲಿ ಪುಣೆಗೆ ಹೋಗುತ್ತಿತ್ತು. ಎಲ್ಲರಿಗೂ ಸಮಾಧಾನ.

ಇತ್ತ ಅಜ್ಜ ಮಂಕಾದರು. ಸಂಜೆ ಮಠದ ಕಡೆ ಹೋಗುವುದು ನಿಂತಿತು. ಊಟ ಆದ ಮೇಲೆ ಗೋಡೆಗೆ ಒರಗಿ ಕೂತರೆ ಗಂಟೆಗಟ್ಟಲೆ ಏಳುತ್ತಿರಲಿಲ್ಲ. ಒಮ್ಮೆ ನಸುಕಿನಲ್ಲಿ ಬಚ್ಚಲಿಗೆ ಎದ್ದಾಗ ಬಿದ್ದರು, ಇನ್ನೊಮ್ಮೆ ಉಂಡು ಕೈ ತೊಳೆಯಲು ಎದ್ದಾಗ. ಎರಡನೇ ಸಲ ಹಣೆ ಒಡೆದು ಹೊಲಿಗೆ ಹಾಕಿಸಬೇಕಾಯಿತು. ತಲೆಯ ಸ್ಕ್ಯಾನ್ ಮಾಡಿಸಿದ್ದರು, ಏನೂ ಇರಲಿಲ್ಲ. "ವಯಸ್ಸಾತು, ಕಾಲಾಗ ಶಕ್ತಿ ಇಲ್ಲ" ಅಂತ ತೀರ್ಮಾನವಾಗಿತ್ತು.

ನನ್ನ ಹತ್ತಿರ ಬಂದಾಗ ಕಿರಿಯ ಮಗ ಕೇಳಿದ್ದು ಇಷ್ಟೇ: "ಬಿಪಿ ಅಂತೂ ಭಾಳ ಚಲೋ ಐತ್ರಿ ಸರ್, ಬರೀ ನಿಶ್ಶಕ್ತಿ. ಒಂದ್ ಸಲಾಯಿನ್ ಹಚ್ಚಿಬಿಡ್ರಿ."

ನೋಟ್‌ಬುಕ್ ತಿರುವಿ ನೋಡಿದೆ. ಮೇಲಿನದು, ಕೆಳಗಿನದು, ಎರಡೇ ಕಾಲಂ. ಮಶೀನ್ ತಂದಿದ್ದರು, ಅದರ ಮೆಮೊರಿ ಬಟನ್ ಒತ್ತುತ್ತಾ ಹೋದೆ. ಪ್ರತಿ ಸಲವೂ ಕೆಳಗೆ ಮೂರನೇ ಅಂಕಿ ಬರುತ್ತದಲ್ಲ, ಪಲ್ಸ್, ಅದು 48, 51, 49, 47, 52 ಅಂತ ಓಡುತ್ತಿತ್ತು. ಇದನ್ಯಾಕೆ ಬರೆದಿಲ್ಲ ಅಂತ ಸೊಸೆಯನ್ನು ಕೇಳಿದೆ. "ಅದು ಮಶೀನಿಂದು ಏನೋ ಇರಬೇಕು ಅಂತ ಬಿಟ್ಟೇನ್ರಿ. ಯಾರೂ ಕೇಳಿರಲಿಲ್ಲ" ಅಂದರು. ನಿಜ. ಅಷ್ಟು ದಿನ ಆ ಫೋಟೋ ನೋಡಿದ ಯಾರೂ ಕೇಳಿರಲಿಲ್ಲ.

ಈ ಪ್ರಕರಣ ದಿಕ್ಕು ಬದಲಿಸಿದ್ದು ಇಲ್ಲಿಂದ. ಸಲಾಯಿನ್ ಬದಲು ಅಜ್ಜನನ್ನು ಐದು ನಿಮಿಷ ಮಲಗಿಸಿ ಬಿಪಿ ನೋಡಿದೆ: 142/68, ಪಲ್ಸ್ 50. ಕೂರಿಸಿ ನೋಡಿದಾಗ 126/60, ಪಲ್ಸ್ 50. ಇದೇ ಮನೆಯವರು ಬರೆಯುತ್ತಿದ್ದ ಅಂಕಿ. ಮಗನನ್ನು ಪಕ್ಕದಲ್ಲಿ ನಿಲ್ಲಿಸಿ, ಅಜ್ಜನನ್ನು ಎಬ್ಬಿಸಿ ಒಂದು ನಿಮಿಷಕ್ಕೆ ನೋಡಿದೆ: 98/54, ಪಲ್ಸ್ 52. ಮೂರು ನಿಮಿಷಕ್ಕೆ 90/52, ಪಲ್ಸ್ 53. ಅಷ್ಟೊತ್ತಿಗೆ ಅವರು ಮೇಜು ಹಿಡಿದುಕೊಂಡಿದ್ದರು. "ಕಣ್ಣ ಮುಂದ ಕತ್ತಲಿ ಬರಾಕತ್ತೈತ್ರಿ ಸಾಹೇಬ್ರ, ಮನ್ಯಾಗೂ ಹಿಂಗ ಆಗತೈತಿ." ತಕ್ಷಣ ಮಲಗಿಸಿದೆವು.

ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ಅದು ಸಮಸ್ಯೆ ಅಂತ ವೈದ್ಯಕೀಯದಲ್ಲಿ ಲೆಕ್ಕ. ಇಲ್ಲಿ ಮಲಗಿದ್ದಕ್ಕೂ ನಿಂತದ್ದಕ್ಕೂ 52ರ ವ್ಯತ್ಯಾಸ. ಪಲ್ಸ್ ಮಾತ್ರ ಅಲುಗಿರಲಿಲ್ಲ.

ನಿಂತಾಗ ಮೈಯೊಳಗೆ ಏನಾಗುತ್ತದೆ

ಇದನ್ನು ಬಿಡಿಸಿ ಹೇಳದೆ ಮುಂದೆ ಹೋದರೆ ಪ್ರಯೋಜನವಿಲ್ಲ. ನಾವು ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಜಾಸ್ತಿ ರಕ್ತ ಹೊಟ್ಟೆ, ಕಾಲುಗಳ ಕಡೆ ಇಳಿಯುತ್ತದೆ. ಕುತ್ತಿಗೆಯ ರಕ್ತನಾಳದಲ್ಲಿ ಒತ್ತಡ ಅಳೆಯುವ ನರಗಳಿವೆ, ಅವು ಮಿದುಳಿಗೆ ಸುದ್ದಿ ಕೊಡುತ್ತವೆ. ಆಗ ಹೃದಯ ನಿಮಿಷಕ್ಕೆ 10–15 ಬಡಿತ ಜಾಸ್ತಿ ಮಾಡುತ್ತದೆ, ಕಾಲಿನ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಮೈಯಲ್ಲಿ ನೀರಿನಂಶ ಸಾಕಷ್ಟಿದ್ದರೆ ಬಿಪಿ ಕೆಲವೇ ಕ್ಷಣದಲ್ಲಿ ಸರಿಹೋಗುತ್ತದೆ. ವಯಸ್ಸಾದಂತೆ ಈ ವ್ಯವಸ್ಥೆ ತಾನಾಗಿಯೇ ನಿಧಾನವಾಗಿರುತ್ತದೆ.

ಈ ಅಜ್ಜನಲ್ಲಿ ಬಡಿತ ಜಾಸ್ತಿಯಾಗದ ಹಾಗೆ ಅಟೆನೊಲಾಲ್ ತಡೆದಿತ್ತು. ರಕ್ತನಾಳ ಬಿಗಿಯದ ಹಾಗೆ ಎರಡು ಪಟ್ಟು ಅಮ್ಲೊಡಿಪಿನ್, ಅದರ ಮೇಲೆ ಟ್ಯಾಮ್ಸುಲೊಸಿನ್ ಹಿಡಿದಿದ್ದವು. ನೀರಿನಂಶವನ್ನು ಫ್ಯೂರೊಸೆಮೈಡ್ ಹೊರಗೆ ಹಾಕುತ್ತಿತ್ತು. ಮೈಗೆ ಇದ್ದ ಉಪಾಯವೆಲ್ಲ ಮುಗಿದಿತ್ತು. ನಸುಕಿನಲ್ಲಿ ಬಿದ್ದದ್ದು ಯಾಕೆ ಅಂದರೆ ರಾತ್ರಿಯಿಡೀ ಮೂತ್ರ ಹೋಗಿ ನೀರಿನಂಶ ತೀರಾ ಕಡಿಮೆಯಾಗುವ ಹೊತ್ತು ಅದು. ಊಟದ ನಂತರ ಬಿದ್ದದ್ದಕ್ಕೂ ಕಾರಣ ಇದೆ: ಉಂಡ ಮೇಲೆ ರಕ್ತ ಕರುಳಿನ ಕಡೆ ಜಾಸ್ತಿ ಹರಿಯುತ್ತದೆ, ವಯಸ್ಸಾದವರಲ್ಲಿ ಎರಡು ತಾಸಿನವರೆಗೂ ಬಿಪಿ ಇಳಿಯಬಹುದು.

ಬೇರೆ ಕಾರಣ ಇರಬಹುದಾ ಅಂತ ನೋಡಲೇಬೇಕಿತ್ತು. ಕೈಯಿಂದ ಒಂದು ನಿಮಿಷ ಪೂರ್ತಿ ನಾಡಿ ಹಿಡಿದು ನೋಡಿದೆ, ಬಡಿತ ಸಮವಾಗಿತ್ತು. ಬಡಿತ ಏರುಪೇರಾಗಿದ್ದರೆ ಡಿಜಿಟಲ್ ಮಶೀನಿನ ಅಂಕಿ ಪೂರ್ತಿ ನಂಬುವಂತಿಲ್ಲ, ಲಕ್ವಾದ ಅಪಾಯವೂ ಬೇರೆ. ಇಸಿಜಿಯಲ್ಲಿ ಬ್ಲಾಕ್, ಅಂದರೆ ಹೃದಯದೊಳಗಿನ ವಿದ್ಯುತ್ ಸಂಕೇತಕ್ಕೆ ತಡೆ, ಇರಲಿಲ್ಲ, ಬಡಿತ ನಿಧಾನ ಅಷ್ಟೇ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.7 ಬಂತು (ಮೂತ್ರಪಿಂಡ ಕುಗ್ಗಿದರೆ ಏರುವ ಅಂಕಿ ಇದು), ಸೋಡಿಯಂ 132, ಅಂದರೆ ಸ್ವಲ್ಪ ಕಡಿಮೆ, ಪೊಟ್ಯಾಸಿಯಂ ಸರಿಯಿತ್ತು. ಕ್ರಿಯಾಟಿನಿನ್ ಇಲ್ಲಿ ಮುಖ್ಯ. ಅಟೆನೊಲಾಲ್ ಮೂತ್ರಪಿಂಡದ ಮೂಲಕ ಹೊರಹೋಗುವ ಔಷಧ. ಮೂತ್ರಪಿಂಡ ಕುಗ್ಗಿದರೆ ಅದೇ 50 ಮಿಲಿಗ್ರಾಂ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. 65ನೇ ವಯಸ್ಸಿಗೆ ಸರಿಯಿದ್ದ ಡೋಸು 78ಕ್ಕೆ ಭಾರವಾಗುವುದು ಹೀಗೆ.

ಆಮೇಲೆ ಗುಳಿಗೆ ಚೀಲ ತರಿಸಿದೆ. ಬಟ್ಟೆ ಅಂಗಡಿಯ ಕ್ಯಾರಿಬ್ಯಾಗ್. ಅಂಗಡಿಯಲ್ಲಿ ಐದು, ಹತ್ತು ಅಂತ ಕತ್ತರಿಸಿ ಕೊಟ್ಟ ತುಂಡುಗಳು, ಕೆಲವದರಲ್ಲಿ ಹೆಸರೇ ಹಾರಿಹೋಗಿತ್ತು. ಬೆಳ್ಳಿ ಬಣ್ಣದ ಹಿಂಭಾಗದ ಸಣ್ಣಕ್ಷರವನ್ನು ಮೊಬೈಲ್ ಬೆಳಕು ಬಿಟ್ಟು ಕಿರಿಯ ಮಗನಿಂದಲೇ ಓದಿಸಿದೆ. ಎರಡನೇ ಪಟ್ಟಿ ಓದುವಾಗ ಅವರೇ ನಿಂತು, "ಸರ್, ಇದು ಅದರಾಗೂ ಇತ್ತಲ್ಲಾ" ಅಂದರು. ನಾನು ಹೇಳಿದ್ದಕ್ಕಿಂತ ಅವರೇ ಓದಿ ಕಂಡುಕೊಂಡದ್ದು ಮುಂದೆ ಎಷ್ಟೋ ಕೆಲಸಕ್ಕೆ ಬಂತು.

120ರ ಹಟ

ನನ್ನ ಮೊದಲ ತೀರ್ಮಾನ ಹೀಗಿತ್ತು. ಫ್ಯೂರೊಸೆಮೈಡ್ ನಿಲ್ಲಿಸುವುದು. ಹಳೇ ಜೋಡಿ ಗುಳಿಗೆ ತೆಗೆದು ಬರೀ ಅಟೆನೊಲಾಲ್ 25 ಕೊಡುವುದು, ಅದನ್ನೂ ವಾರಗಳ ಮೇಲೆ ಇಳಿಸುತ್ತಾ ಹೋಗುವುದು. ಟೆಲ್ಮಿಸಾರ್ಟನ್-ಅಮ್ಲೊಡಿಪಿನ್ ಬೆಳಿಗ್ಗೆ ಒಂದು ಮುಂದುವರಿಸುವುದು. ಟ್ಯಾಮ್ಸುಲೊಸಿನ್ ಬಗ್ಗೆ ಬರೆದ ಡಾಕ್ಟರ ಜೊತೆ ಮಾತಾಡಿದೆ. ಬಿಟ್ಟರೆ ಮೂತ್ರ ಕಟ್ಟುವ ಅಪಾಯ ಇತ್ತು, ಹಾಗಾಗಿ ಮಲಗುವ ಹೊತ್ತಿಗೆ ಕೊಡುವುದು ಅಂತಾಯಿತು.

ಹಿರಿಯ ಮಗ ಫೋನ್ ಮಾಡಿದರು. ಸಿಟ್ಟಿನಲ್ಲಲ್ಲ, ಹೆದರಿಕೆಯಲ್ಲಿ. ಅವರ ಪ್ರಶ್ನೆ ಸರಿಯಾದದ್ದೇ: "ಅಮೆರಿಕದ ದೊಡ್ಡ ಸ್ಟಡಿ ಐತಲ್ರಿ ಸರ್, 120ರ ಕೆಳಗ ಇಟ್ಟರ ಸಾವು ಕಡಿಮಿ ಅಂತ. ನೀವು ಗುಳಗಿ ತಗದು ಬಿಪಿ ಏರಸಾಕತ್ತೀರಿ."

ಅವರು ಹೇಳಿದ್ದು 2015ರ ಸ್ಪ್ರಿಂಟ್ ಅಧ್ಯಯನ. 9361 ಜನ, ಎಲ್ಲರೂ 50 ದಾಟಿದವರು. 140ರ ಕೆಳಗೆ ಇಟ್ಟವರಿಗಿಂತ 120ರ ಕೆಳಗೆ ಇಟ್ಟವರಲ್ಲಿ ಸಾವು ಸುಮಾರು ಕಾಲು ಭಾಗ ಕಡಿಮೆಯಾಯಿತು. 75 ದಾಟಿದ 2636 ಜನರಲ್ಲೂ ಲಾಭ ಕಂಡಿತು. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಅಲ್ಲಿ ಯಾರನ್ನು ಸೇರಿಸಿಕೊಂಡಿರಲಿಲ್ಲ ಅನ್ನುವುದನ್ನೂ ಓದಬೇಕು. ಎದ್ದು ನಿಂತ ಒಂದು ನಿಮಿಷಕ್ಕೆ ಮೇಲಿನ ಬಿಪಿ 110ಕ್ಕಿಂತ ಕೆಳಗಿದ್ದವರನ್ನು ಅವರು ತೆಗೆದುಕೊಳ್ಳಲೇ ಇಲ್ಲ. ಈ ಅಜ್ಜನದು 98. ಅಂದರೆ ಆ ಲಾಭದ ಲೆಕ್ಕ ಇವರಂಥವರಿಗೆ ಹಾಕಿದ್ದೇ ಅಲ್ಲ. ಅಲ್ಲಿ ಬಿಪಿ ನೋಡುತ್ತಿದ್ದ ರೀತಿಯೂ ಬೇರೆ: ಐದು ನಿಮಿಷ ಸುಮ್ಮನೆ ಕೂರಿಸಿ, ತಾನೇ ನಡೆಯುವ ಮಶೀನಿನಿಂದ ಮೂರು ಸಲ ನೋಡಿ ಸರಾಸರಿ ತೆಗೆಯುವುದು. ಮಾತಾಡುತ್ತಾ ಅವಸರದಲ್ಲಿ ನೋಡಿದ ಅಂಕಿಗಿಂತ ಅದು ಕಡಿಮೆ ಬರುತ್ತದೆ.

80 ದಾಟಿದವರ ಮೇಲೆ ಮಾಡಿದ ಹೈವೆಟ್ ಅಧ್ಯಯನ 2008ರದ್ದು, 3845 ಜನ. ಅವರ ಗುರಿ 150/80. ಅಷ್ಟಕ್ಕೇ ಸಾವು ಐದನೇ ಒಂದರಷ್ಟು ಕಡಿಮೆಯಾಯಿತು, ಹೃದಯ ಸೋಲುವುದಂತೂ (ಹಾರ್ಟ್ ಫೇಲ್ಯೂರ್) ಅರ್ಧಕ್ಕಿಂತ ಜಾಸ್ತಿ ಕಡಿಮೆ. ಇನ್ನೊಂದು ಕಡೆ, ಫ್ರಾನ್ಸ್ ಮತ್ತು ಇಟಲಿಯ ವೃದ್ಧರ ಆರೈಕೆ ಮನೆಗಳಲ್ಲಿ 80 ದಾಟಿದವರನ್ನು ನೋಡಿದ ಪಾರ್ಟಾಜ್ ಅಧ್ಯಯನದಲ್ಲಿ, ಎರಡು ಅಥವಾ ಹೆಚ್ಚು ಬಿಪಿ ಔಷಧ ತೆಗೆದುಕೊಂಡು ಮೇಲಿನ ಬಿಪಿ 130ಕ್ಕಿಂತ ಕೆಳಗಿದ್ದವರಲ್ಲೇ ಸಾವು ಜಾಸ್ತಿ ಕಂಡಿತು. ಇದನ್ನೂ ಹುಷಾರಾಗಿ ಓದಬೇಕು, ಯಾಕಂದರೆ ಸಾವಿಗೆ ಮುಂಚಿನ ವರ್ಷಗಳಲ್ಲಿ ತೂಕ ಇಳಿದು, ಹೃದಯ ಸೋತು, ಬಿಪಿ ತಾನೇ ಇಳಿಯುತ್ತದೆ. ಕಡಿಮೆ ಬಿಪಿ ಸಾವಿಗೆ ಕಾರಣವಾ, ಬರುತ್ತಿರುವ ಸಾವಿನ ಗುರುತಾ ಅಂತ ಇಂಥ ಅಧ್ಯಯನದಿಂದ ಪೂರ್ತಿ ಬಿಡಿಸಲಾಗದು. ಆದರೂ ಗಟ್ಟಿಮುಟ್ಟಾಗಿ ಓಡಾಡುವ 78ರವರೂ, ಗೋಡೆ ಹಿಡಿದು ನಡೆಯುವ 78ರವರೂ ಒಂದೇ ಅಲ್ಲ ಅನ್ನುವುದು ಇವೆಲ್ಲದರಿಂದ ಸ್ಪಷ್ಟ.

ಅವರು ಇನ್ನೊಂದು ಮಾತು ಕೇಳಿದರು, ಪಲ್ಸ್ ಕಡಿಮೆ ಇದ್ದರೆ ಆಯಸ್ಸು ಜಾಸ್ತಿ ಅಂತಾರಲ್ಲ ಅಂತ. ಇದಕ್ಕೂ ಆಧಾರ ಇದೆ. ಹಲವು ಅಧ್ಯಯನಗಳನ್ನು ಕೂಡಿಸಿದ 2016ರ ಒಂದು ವಿಶ್ಲೇಷಣೆಯಲ್ಲಿ, ಸುಮ್ಮನೆ ಕೂತಾಗಿನ ಬಡಿತ ಪ್ರತಿ 10 ಏರಿದರೆ ಸಾವಿನ ಅಪಾಯ ಶೇ 9ರಷ್ಟು ಏರುತ್ತದೆ ಅಂತ ಬಂತು. ಆದರೆ ನಡೆದು, ದುಡಿದು ತಾನಾಗಿ 60 ಇರುವ ಪಲ್ಸ್ ಬೇರೆ, ಗುಳಿಗೆಯಿಂದ 48ಕ್ಕೆ ಇಳಿಸಿದ ಪಲ್ಸ್ ಬೇರೆ. 2002ರ ಲೈಫ್ ಅಧ್ಯಯನದಲ್ಲಿ ಅಟೆನೊಲಾಲ್ ಮತ್ತು ಲೊಸಾರ್ಟನ್ (ಟೆಲ್ಮಿಸಾರ್ಟನ್ ಗುಂಪಿನದೇ ಔಷಧ) ಎರಡರಿಂದಲೂ ಬಿಪಿ ಹೆಚ್ಚುಕಡಿಮೆ ಒಂದೇ ಸಮ ಇಳಿದರೂ ಲಕ್ವಾ ಕಡಿಮೆಯಾದದ್ದು ಲೊಸಾರ್ಟನ್ ಕಡೆ. ಹಾರ್ಟ್ ಅಟ್ಯಾಕ್ ಆದವರಿಗೆ, ಹೃದಯ ಸೋತವರಿಗೆ, ಬಡಿತ ಏರುಪೇರಿದ್ದವರಿಗೆ ಅಟೆನೊಲಾಲ್ ಗುಂಪಿನ ಔಷಧಗಳು ಬೇಕಾಗಬಹುದು. ಈ ಅಜ್ಜನಿಗೆ ಅಂಥ ಕಾರಣ ಯಾವುದೂ ಇರಲಿಲ್ಲ.

ಕೊನೆಗೆ ಅವರನ್ನು ಒಪ್ಪಿಸಿದ್ದು ಬೇರೆಯೇ ಮಾತು. ಸೊಂಟದ ಮೂಳೆ ಮುರಿದ ವೃದ್ಧರಲ್ಲಿ ಸುಮಾರು ಐವರಿಗೆ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಅಪ್ಪನ ಜೀವಕ್ಕೆ ಇವತ್ತು ಹತ್ತಿರದ ಅಪಾಯ ಲಕ್ವಾ ಅಲ್ಲ, ಬಚ್ಚಲ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಎಷ್ಟ ಇರಬೇಕ್ರಿ?" ಅಂತ ಕೇಳಿದರು. ಕೂತಾಗ 130ರಿಂದ 145, ನಿಂತಾಗ 120ಕ್ಕಿಂತ ಕೆಳಗೆ ಬೇಡ, ಪಲ್ಸ್ 60ರ ಮೇಲೆ. ಇದೇ ಗುರಿ ಅಂತ ಗೊತ್ತುಮಾಡಿದೆವು. ನೋಟ್‌ಬುಕ್ಕಿನಲ್ಲಿ ಪಲ್ಸ್ ಮತ್ತು ನಿಂತಾಗಿನ ಬಿಪಿ, ಎರಡು ಕಾಲಂ ಹೊಸದಾಗಿ ಬಂದವು.

ಎಲ್ಲಾ ಬಿಟ್ಟದ್ದು

ಎರಡು ವಾರಕ್ಕೆ ಪಾದದ ಬಾವು ಇಳಿಯಿತು. ಚಕ್ಕರ್ ಕಡಿಮೆಯಾಯಿತು. ಕೂತಾಗ 140ರ ಆಸುಪಾಸು, ನಿಂತಾಗ 118, ಪಲ್ಸ್ 58. ಅಜ್ಜ ಮತ್ತೆ ಹೊರಗಿನ ಕಟ್ಟೆಗೆ ಬಂದು ಕೂತರು.

ಅದೇ ಹೊತ್ತಿಗೆ ಮನೆಯಲ್ಲಿ ಮದುವೆ. ಬಂದ ಬೀಗರು, ನೆಂಟರು ಎಲ್ಲರೂ ಒಂದೇ ಮಾತು: ಗುಳಗಿ ಬಿಟ್ಟಿದ್ದಕ್ಕೇ ಆರಾಮ ಆತು, ಇನ್ನ ಉಳಿದದ್ದೂ ಬಿಡ್ರಿ. ಅಜ್ಜನಿಗೂ ಅದು ಸರಿ ಅನ್ನಿಸಿತು. ಯಾರಿಗೂ ಹೇಳದೆ ಎಲ್ಲವನ್ನೂ ನಿಲ್ಲಿಸಿಬಿಟ್ಟರು. ಮದುವೆ ಗದ್ದಲದಲ್ಲಿ ನೋಟ್‌ಬುಕ್ ಕೂಡ ಖಾಲಿ.

ವಾರದೊಳಗೆ ಒಂದು ರಾತ್ರಿ ಎದೆ ಢವಢವ, ಮೈಯೆಲ್ಲ ಬೆವರು. ಮಶೀನ್ ತೋರಿಸಿದ್ದು 194/96, ಪಲ್ಸ್ 112. ರಾತ್ರಿಯೇ ಬಾಗಲಕೋಟೆಗೆ ಕರೆದೊಯ್ದು ಒಂದು ಆಸ್ಪತ್ರೆಗೆ ಸೇರಿಸಿದರು. ಇಸಿಜಿ, ರಕ್ತ ಪರೀಕ್ಷೆಯಲ್ಲಿ ಹಾರ್ಟ್ ಅಟ್ಯಾಕ್ ಇರಲಿಲ್ಲ.

ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ತೀರಾ ಸೂಕ್ಷ್ಮವಾದ ಘಳಿಗೆ ಇದು. 194 ನೋಡಿದ ಯಾರಿಗಾದರೂ ಮೊದಲಿದ್ದ ಎಲ್ಲ ಗುಳಿಗೆ ವಾಪಸ್ ಶುರು ಮಾಡೋಣ, ಇನ್ನೊಂದು ಸೇರಿಸೋಣ ಅನ್ನಿಸುತ್ತದೆ. ಮನೆಯವರೂ ಅದನ್ನೇ ಕೇಳಿದರು. ಸೊಸೆ ನೋಟ್‌ಬುಕ್ ಜೊತೆಗೆ ಒಯ್ದಿದ್ದರು, ಅಲ್ಲಿನ ಡ್ಯೂಟಿ ಡಾಕ್ಟರ್ ಅದನ್ನು ನೋಡಿ ನನಗೆ ಫೋನ್ ಮಾಡಿದರು. ಇಬ್ಬರಿಗೂ ದಾರಿ ತೋರಿಸಿದ್ದು ಪಲ್ಸೇ. ವರ್ಷಗಟ್ಟಲೆ ಅಟೆನೊಲಾಲ್ ತೆಗೆದುಕೊಂಡವರ ಮೈ ಅದಕ್ಕೆ ಹೊಂದಿಕೊಂಡಿರುತ್ತದೆ. ಒಮ್ಮೆಲೇ ಬಿಟ್ಟರೆ ಹೃದಯ ನಾಗಾಲೋಟಕ್ಕೆ ಬೀಳುತ್ತದೆ, ಎದೆನೋವಿರುವವರಲ್ಲಿ ಹಾರ್ಟ್ ಅಟ್ಯಾಕೇ ಆಗಬಹುದು. 58 ಇದ್ದ ಪಲ್ಸ್ 112ಕ್ಕೆ ಜಿಗಿದದ್ದು ಅದನ್ನೇ ಹೇಳುತ್ತಿತ್ತು. ಹಾಗಾಗಿ ಅಟೆನೊಲಾಲ್ 25 ಮತ್ತು ಬೆಳಗಿನ ಒಂದು ಗುಳಿಗೆ, ಇಷ್ಟೇ ವಾಪಸ್ ಕೊಟ್ಟರು. ಬಿಪಿಯನ್ನು ಗಂಟೆಯೊಳಗೆ ಕೆಳಗೆ ಎಳೆಯಲು ಹೋಗಲಿಲ್ಲ. ವಯಸ್ಸಾದವರಲ್ಲಿ ಹಾಗೆ ಥಟ್ಟನೆ ಇಳಿಸಿದರೆ ಮಿದುಳಿಗೆ ರಕ್ತ ಕಡಿಮೆಯಾಗಿ ಲಕ್ವಾ ಹೊಡೆಯಬಹುದು. ಎರಡು ದಿನಕ್ಕೆ 150/74, ಪಲ್ಸ್ 76ಕ್ಕೆ ಬಂತು.

ಆ ಮೇಲೆ ಅಟೆನೊಲಾಲನ್ನು ಬಹಳ ನಿಧಾನವಾಗಿ ಇಳಿಸಿದೆವು: 25, ಕೆಲವು ವಾರ 12.5, ನಂತರ ದಿನ ಬಿಟ್ಟು ದಿನ, ಆಮೇಲೆ ಪೂರ್ತಿ ನಿಲುಗಡೆ. ಪ್ರತಿ ಹಂತದಲ್ಲೂ ಪಲ್ಸ್ 90 ದಾಟಿದರೆ ಮುಂದೆ ಹೋಗುವುದಿಲ್ಲ ಅಂತ ಮೊದಲೇ ಹೇಳಿಕೊಂಡಿದ್ದೆವು. ದಾಟಲಿಲ್ಲ.

ಮನೆಯಲ್ಲಿ ಬದಲಾದದ್ದು

ಸೊಸೆ ಅಡುಗೆಯಲ್ಲಿ ಉಪ್ಪು ಪೂರ್ತಿ ಬಿಟ್ಟಿದ್ದರು, ಬಿಪಿಗೆ ಒಳ್ಳೆಯದು ಅಂತ. ಸಪ್ಪನೆ ಬ್ಯಾಳಿ, ಸಪ್ಪನೆ ಪಲ್ಯೆ. ಅಜ್ಜ ಅರ್ಧ ರೊಟ್ಟಿಗೇ ಸಾಕು ಅನ್ನುತ್ತಿದ್ದರು, ತೂಕ ಇಳಿಯುತ್ತಿತ್ತು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಸೊನ್ನೆ ಅಂತ ಹೇಳಿಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಟ್ಟು ಅಡುಗೆಗೆ ಹದವಾಗಿ ಉಪ್ಪು ಹಾಕಿ ಅಂದೆ. ಸೋಡಿಯಂ ಕಡಿಮೆ ಇದ್ದ, ತಲೆ ತಿರುಗಿ ಬೀಳುತ್ತಿದ್ದ 49 ಕೆಜಿಯವರಿಗೆ ಇದಕ್ಕಿಂತ ಬಿಗಿ ಪಥ್ಯ ಬೇಕಿರಲಿಲ್ಲ. ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ ಮತ್ತೆ ತಾಟಿಗೆ ಬಂದವು. ತೂಕ 52 ಆಯಿತು.

ಏಳುವ ರೀತಿ ಕಲಿಸಿದೆವು. ಎಚ್ಚರವಾದ ಕೂಡಲೇ ಏಳಬಾರದು. ಹೊರಸಿನ ಅಂಚಿಗೆ ಕೂತು ಪಾದ ಹತ್ತಿಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿ, ಇಟ್ಟಿರುವ ಒಂದು ಲೋಟ ನೀರು ಕುಡಿದು, ಗೋಡೆ ಹಿಡಿದು ನಿಂತು, ಆಮೇಲೆ ಹೆಜ್ಜೆ. ತಲೆ ಕಡೆ ಹೊರಸಿನ ಕಾಲಿಗೆ ಇಟ್ಟಿಗೆ ಇಟ್ಟು ಎತ್ತರಿಸಿದರು. ರಾತ್ರಿ ಮೂತ್ರಕ್ಕೆ ಹಾಸಿಗೆ ಪಕ್ಕದಲ್ಲೇ ಬಾಟಲಿ. ಅಜ್ಜನಿಗೆ ಮೊದಮೊದಲು ನಾಚಿಕೆ, ಅಜ್ಜಿ ಗದರಿಸಿದ ಮೇಲೆ ಒಪ್ಪಿದರು. ಊಟ ಸ್ವಲ್ಪ ಸ್ವಲ್ಪ, ಉಂಡ ಮೇಲೆ ಅರ್ಧ ತಾಸು ಅಡ್ಡಾಗುವುದು.

ಆರು ತಿಂಗಳಿಗೆ ಬೆಳಿಗ್ಗೆ ಒಂದು ಗುಳಿಗೆ, ರಾತ್ರಿ ಒಂದು. ಕೂತಾಗ 136–144, ನಿಂತಾಗ 124–130, ಪಲ್ಸ್ 68ರಿಂದ 76. ಕ್ರಿಯಾಟಿನಿನ್ 1.3ಕ್ಕೆ ಇಳಿಯಿತು. ಮತ್ತೆ ಬಿದ್ದಿಲ್ಲ. ಆಯಸ್ಸು ಎಷ್ಟು ಹೆಚ್ಚಿತು ಅಂತ ಒಬ್ಬರ ಪ್ರಕರಣದಿಂದ ಯಾರೂ ಹೇಳಲಾಗದು, ನಾನೂ ಹೇಳುವುದಿಲ್ಲ. ಕೋಲು ಹಿಡಿದು ಮಠಕ್ಕೆ ಹೋಗಿ ಬರುತ್ತಾರೆ ಅನ್ನುವುದು ಮಾತ್ರ ಕಣ್ಣೆದುರಿಗಿದೆ.

ಇದನ್ನು ಓದಿ ಯಾರೂ ಮನೆಯ ಹಿರಿಯರ ಗುಳಿಗೆಯನ್ನು ತಾವೇ ಬಿಡಿಸಬೇಡಿ, ಮದುವೆ ಮನೆಯಲ್ಲಿ ಆದದ್ದು ಅದೇ. ಮಾಡಬೇಕಾದ್ದು ಬೇರೆ. ಎಲ್ಲ ಗುಳಿಗೆ ಪಟ್ಟಿಯನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಒಬ್ಬರೇ ಡಾಕ್ಟರ ಮುಂದೆ ಸುರಿಯಿರಿ, ಹಿಂಭಾಗದ ಸಣ್ಣಕ್ಷರ ಓದಿಸಿ. ಪಲ್ಸ್ ಬರೆಯಿರಿ. ನಿಂತು ಒಂದು ಸಲ ನೋಡಿ ಅಂತ ಬಾಯಿಬಿಟ್ಟು ಕೇಳಿ. ಆಶಾ ಕಾರ್ಯಕರ್ತೆಯರು, ಆರೋಗ್ಯ ಕೇಂದ್ರದ ಸಿಸ್ಟರ್‌ಗಳು ಇದನ್ನು ಓದುತ್ತಿದ್ದರೆ ಅವರಿಗೂ ಇದೇ ಕೋರಿಕೆ. ಮೂರು ನಿಮಿಷದ ಕೆಲಸ, ಬೇರೆ ಉಪಕರಣ ಬೇಡ. ಹೊಸದಾಗಿ ಯಾವುದೇ ತೊಂದರೆ ಶುರುವಾದರೆ, ಪಾದದ ಬಾವೇ ಇರಲಿ, ಚಕ್ಕರ್ ಇರಲಿ, ಮಂಕೇ ಇರಲಿ, ಅದಕ್ಕೊಂದು ಗುಳಿಗೆ ಸೇರಿಸುವ ಮೊದಲು ಇರುವ ಗುಳಿಗೆಯಿಂದಲೇ ಆಗಿರಬಹುದಾ ಅಂತ ನೋಡಬೇಕು.

ಏಪ್ರಿಲ್‌ನಲ್ಲಿ ಇನ್ನೊಂದು ಬದಲಾವಣೆ ಮಾಡಬೇಕಾಯಿತು. ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟಿತು ಅಂದರೆ ಬೆವರು ಹರಿಯುತ್ತದೆ, ರಕ್ತನಾಳ ಹಿಗ್ಗುತ್ತದೆ, ಬಿಪಿ ತಾನೇ ಇಳಿಯುತ್ತದೆ. ಸೊಸೆ ನಿಂತಾಗಿನ ಕಾಲಂನಲ್ಲಿ 112, 108 ನೋಡಿದವರೇ ಫೋನ್ ಮಾಡಿದರು, ಅಜ್ಜನಿಗೆ ಚಕ್ಕರ್ ಬರುವ ಮೊದಲೇ. ಅಮ್ಲೊಡಿಪಿನ್ ತೆಗೆದು ಬರೀ ಟೆಲ್ಮಿಸಾರ್ಟನ್ 40 ಕೊಟ್ಟೆವು, ವಾಂತಿ ಭೇದಿಯಾದರೆ ಅದನ್ನೂ ನಿಲ್ಲಿಸಿ ಕೂಡಲೇ ತಿಳಿಸಿ ಅಂತ ಹೇಳಿದ್ದೇವೆ. ಮೃಗಶಿರಾ ಮಳೆ ಬಿದ್ದು ತಂಪಾದ ಮೇಲೆ ಒಮ್ಮೆ, ದೀಪಾವಳಿಯ ಚಳಿಗೆ ಇನ್ನೊಮ್ಮೆ ಮಲಗಿ, ನಿಂತು ಎರಡೂ ಅಳತೆ ನೋಡಿ, ಅಮ್ಲೊಡಿಪಿನ್ ವಾಪಸ್ ಬೇಕಾ ಅಂತ ತೀರ್ಮಾನ ಮಾಡುತ್ತೇವೆ.